ದೊಡ್ಡಮ್ಮನ ಹಾಡು ಮತ್ತು ಕಂಡೆನ್ಸರ್ ಮೈಕು

ಕೊನೆಕೊಯ್ಲು ಮುಗೀತು. ಈ ಸಲ ಬರೀತಿರೋದು ಅಡಿಕೆ ಬಗ್ಗೆ ಅಲ್ಲ. ಹೋದ ವಾರ ನಮ್ಮೂರ ತಾಳಮದ್ದಳೆಗೆ ಬಂದವರಲ್ಲಿ ಮೂರ್ನಾಲ್ಕು ಜನ ಫೋನ್ ಮಾಡಿ, "ನಿಮ್ಮತ್ರ ಒಳ್ಳೆ ಮೈಕ್ ಇತ್ತಲ್ಲ ಮಾರಾಯ್ರೆ, ಅದನ್ನ ಯಾಕೆ ಇಡ್ಲಿಲ್ಲ?" ಅಂತ ಕೇಳಿದ್ರು. ಇಟ್ಟಿದ್ದು ಅದನ್ನೇ. ಮಧ್ಯದಲ್ಲಿ ಕುಂಯ್ ಅಂತ ಕೂಗಿದ್ದೂ ಅದೇ. ಅದಕ್ಕೇ ಈ ಬರಹ.

ಮೊದಲು ಕಂಡೆನ್ಸರ್ ಅಂದ್ರೆ ಏನು ಅಂತ. ನಮ್ಮ ಸಿಂಗಲ್ ಫೇಸ್ ಪಂಪಿನ ಸ್ಟಾರ್ಟರ್ ಡಬ್ಬಿಯಲ್ಲಿ ಒಂದು ಸಿಲಿಂಡರ್ ಥರದ್ದು ಇರುತ್ತಲ್ಲ, ಅದು ಹೋದ್ರೆ ಮೋಟರ್ ಬರೀ ಗುಂಯ್ ಅನ್ನುತ್ತೆ, ತಿರುಗಲ್ಲ. ಅದನ್ನ ಹಳೇ ಎಲೆಕ್ಟ್ರಿಷಿಯನ್ನುಗಳು ಈಗಲೂ ಕಂಡೆನ್ಸರ್ ಅಂತಲೇ ಕರೀತಾರೆ. ಮೈಕಿನದ್ದೂ ಅದೇ ತತ್ವ. ಎದುರುಬದುರು ಎರಡು ತಗಡು, ಮಧ್ಯೆ ಕೂದಲೆಳೆಯಷ್ಟು ಗಾಳಿ. ಒಂದು ತಗಡು ಗಟ್ಟಿ. ಇನ್ನೊಂದು ಲೋಹ ಲೇಪಿಸಿದ ತೆಳ್ಳನೆಯ ಪೊರೆ. ಧ್ವನಿ ತಾಗಿದಾಗ ಪೊರೆ ಅಲುಗುತ್ತೆ, ಎರಡರ ನಡುವಿನ ಅಂತರ ಬದಲಾಗುತ್ತೆ, ಆ ಬದಲಾವಣೆಯೇ ಸಿಗ್ನಲ್. ಇದನ್ನ 1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಅನ್ನೋರು ಮಾಡಿದ್ದು. ನಮ್ಮ ಸ್ಪೀಕರ್ ಬಾಡಿಗೆಯವರು ತರುವ ಕೈಮೈಕು ಬೇರೆ ಜಾತಿ, ಡೈನಾಮಿಕ್. ಅದರಲ್ಲಿ ತಂತಿಯ ಸುರುಳಿ, ಮ್ಯಾಗ್ನೆಟ್. ಅದಕ್ಕೆ ಕರೆಂಟ್ ಬೇಡ, ಕೆಳಗೆ ಬಿದ್ರೂ ಸಾಮಾನ್ಯಕ್ಕೆ ಏನೂ ಆಗಲ್ಲ. ಕಂಡೆನ್ಸರಿಗೆ ಮಾತ್ರ ಕರೆಂಟ್ ಬೇಕೇಬೇಕು. ಮಿಕ್ಸರಿನಲ್ಲಿ 48 ವಿ ಅಂತ ಒಂದು ಗುಂಡಿ ಇರುತ್ತೆ, ಫ್ಯಾಂಟಮ್ ಪವರ್ ಅನ್ನೋದು ಅದನ್ನೇ. ಮೈಕಿನ ವೈರಿನಲ್ಲೇ 48 ವೋಲ್ಟ್ ಹೋಗುತ್ತೆ. ಗುಂಡಿ ಒತ್ತೋ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ, ಇಲ್ಲಾಂದ್ರೆ ಸ್ಪೀಕರಿನಲ್ಲಿ ಧಡ್ ಅನ್ನುತ್ತೆ.

ನಾನು ಮೈಕ್ ತಗೊಂಡಿದ್ದು ತಾಳಮದ್ದಳೆಗಲ್ಲ. ನಮ್ಮ ದೊಡ್ಡಮ್ಮನ ಹಾಡಿಗೆ.

ದೊಡ್ಡಮ್ಮನಿಗೆ 84. ಮದುವೆಯ ಒಂದೊಂದು ಶಾಸ್ತ್ರಕ್ಕೂ ಅವಳ ಹತ್ರ ಒಂದೊಂದು ಹಾಡು. ಎಣ್ಣೆ ಅರಿಶಿನಕ್ಕೊಂದು, ಹಸೆಗೆ ಕರೆಯೋಕೊಂದು, ಹೆಣ್ಣು ಒಪ್ಪಿಸೋಕೊಂದು. ಪುಸ್ತಕ ಇತ್ತಂತೆ, ಒರಲೆ ತಿಂತು. ಈಗಿನ ಮದುವೆಗಳಲ್ಲಿ ವಿಡಿಯೋದವನು ಸಿನಿಮಾ ಹಾಡು ಹಾಕ್ತಾನೆ, ದೊಡ್ಡಮ್ಮ ಮೂಲೆಯಲ್ಲಿ ಕೂತು ತನ್ನಷ್ಟಕ್ಕೇ ಗುನುಗ್ತಾಳೆ. ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಫೋನಿನೊಳಗಿನ ಮೈಕೂ ಒಂದು ಪುಟಾಣಿ ಕಂಡೆನ್ಸರೇ, ಆದರೆ ಫೋನು ತಾನೇ ಬುದ್ಧಿ ಉಪಯೋಗಿಸಿ ಗದ್ದಲ ಅಂತ ತಿಳ್ಕೊಂಡಿದ್ದನ್ನೆಲ್ಲ ಒತ್ತಿಬಿಡುತ್ತೆ. ದೊಡ್ಡಮ್ಮನ ಸಣ್ಣ ದನಿಯ ಎಳೆತ, ಕೊನೆಯ ಉಸಿರು, ಎಲ್ಲ ಗದ್ದಲದ ಲೆಕ್ಕಕ್ಕೇ ಹೋಯ್ತು.

ಆಮೇಲೆ ಹುಡುಕಿ ತಗೊಂಡೆ. ತಗೊಳ್ಳೋರಿಗೆ ನಾನು ಕಲಿತಷ್ಟು ಹೇಳ್ತೇನೆ. ಪೊರೆ ಸುಮಾರು ಒಂದು ಇಂಚು ಅಗಲ ಇರೋದು ದೊಡ್ಡ ಜಾತಿ, ಅದು ಒಬ್ಬರ ದನಿಗೆ ಚೆನ್ನಾಗಿದೆ. ಪೆನ್ನಿನ ಹಾಗೆ ಸಪೂರ ಇರೋದು ಸಣ್ಣ ಪೊರೆಯದು, ವಾದ್ಯಕ್ಕೆ, ಮೇಳಕ್ಕೆ ಆಗುತ್ತೆ. ಡಬ್ಬಿ ಮೇಲೆ ಸೆಲ್ಫ್ ನಾಯ್ಸ್ ಅಂತ ಒಂದು ಸಂಖ್ಯೆ ಇರುತ್ತೆ, ಅಂದ್ರೆ ಮೈಕ್ ತನ್ನಷ್ಟಕ್ಕೆ ತಾನೇ ಮಾಡೋ ಸುಯ್ ಸದ್ದು. ಮುದುಕರ ಮೆಲುದನಿಗೆ ಅದು 15 ಡೆಸಿಬಲ್ಲಿಗಿಂತ ಕಡಿಮೆ ಇರೋದನ್ನ ನೋಡಿ. ಅಂಗಡಿಯವರು ಇದನ್ನ ಹೇಳಲ್ಲ, ನಾವೇ ಕೇಳ್ಬೇಕು. ಮೊದಲ ಸಲ ನಾನು ಕಂಡೆನ್ಸರ್ ಅಂತ ಬರೆದಿತ್ತು ಅಂತ ಅಗ್ಗದ್ದೊಂದು ತರಿಸಿದ್ದೆ. ಅದರ ಸುಯ್ ಸದ್ದು ದೊಡ್ಡಮ್ಮನಿಗಿಂತ ಜೋರಾಗಿತ್ತು. ಮಗಳು ಅದನ್ನ ಆನ್‌ಲೈನ್ ಕ್ಲಾಸಿಗೆ ಇಟ್ಕೊಂಡಳು.

ಇನ್ನೊಂದು ಮೂರ್ಖತನ ಹೇಳಿಬಿಡ್ತೇನೆ. ದೊಡ್ಡ ಪೊರೆಯ ಮೈಕಿಗೆ ಹೆಚ್ಚಾಗಿ ಮಗ್ಗುಲಿನಿಂದ ಹಾಡ್ಬೇಕು, ತುದಿಗಲ್ಲ. ಕಂಪನಿಯ ಗುರುತು ಇರೋ ಕಡೆ ಸಾಮಾನ್ಯವಾಗಿ ಮುಖ. ನಾನು ಹಿಂದುಮುಂದಾಗಿ ಇಟ್ಟಿದ್ದೆ. ಅರ್ಧ ಗಂಟೆ ಹಾಡಿಸಿ ಕೇಳಿದ್ರೆ ದೊಡ್ಡಮ್ಮ ಪಕ್ಕದ ಮನೆಯಲ್ಲಿ ಹಾಡಿದ ಹಾಗಿತ್ತು, ಎದುರಿಗೆ ಕೂತ ನನ್ನ ಉಸಿರು ಮಾತ್ರ ಸ್ಪಷ್ಟ. "ತಮಾ, ಗಟ್ಟಿಯಾಗಿ ಹೇಳವಾ?" ಅಂತ ಪಾಪ ಎರಡು ಸಲ ಕೇಳಿದ್ದಳು.

ಸರಿ ಮಾಡ್ಕೊಂಡು ಮತ್ತೆ ಕೂತಿದ್ದು ಜುಲೈನಲ್ಲಿ. ಮಳೆಗಾಲ ಅಂದ್ರೆ ಬಿಡುವು, ಕೊಳೆ ಔಷಧಿಯ ಒಂದು ಸುತ್ತು ಮುಗಿದಿತ್ತು. ತಪ್ಪಾಗಿದ್ದು ಅಲ್ಲೇ. ಮೈಕ್ ಡಬ್ಬಿ ಒಂದು ತಿಂಗಳು ಅಟ್ಟದ ಮೇಲಿತ್ತು. ನಮ್ಮ ಕಡೆ ಆ ತಿಂಗಳು ಚಪ್ಪಲಿಗೇ ಬೂಸ್ಟು ಬರುತ್ತೆ, ಇನ್ನು ಕೂದಲೆಳೆಯಷ್ಟು ಜಾಗದ ಕಥೆ ಏನು. ಥಂಡಿ ಒಳಗೆ ಹೋದ್ರೆ ತಗಡಿನ ಮೇಲೆ ಹಿಡಿದಿಟ್ಟ ಚಾರ್ಜು ಸೋರಿಹೋಗುತ್ತೆ. ಚಟಪಟ, ಚಟಪಟ, ಒಗ್ಗರಣೆ ಸಿಡಿದ ಹಾಗೆ. ನಾನು ಹೆಡ್‌ಫೋನ್ ಹಾಕಿರಲಿಲ್ಲ, ಹೊರಗೆ ಜಡಿಮಳೆ ಬೇರೆ. ರಾತ್ರಿ ಕೇಳಿದಾಗ ಗೊತ್ತಾಯ್ತು. ಹನ್ನೊಂದು ಹಾಡು, ಎಲ್ಲದರಲ್ಲೂ ಸಿಡಿತ.

"ಅಡ್ಡಿಲ್ಲೆ, ದೀಪಾವಳಿ ಮೇಲೆ ಹೇಳಿರಾತು" ಅಂದಳು ದೊಡ್ಡಮ್ಮ. ನಾನೂ ಹ್ಞೂಂ ಅಂದೆ.

ಸೆಪ್ಟೆಂಬರಿನಲ್ಲಿ ಬಚ್ಚಲಲ್ಲಿ ಜಾರಿದಳು. ಸೊಂಟದ ಆಪರೇಷನ್ ಆಯ್ತು, ಈಗ ಕೋಲು ಹಿಡಿದು ನಡೀತಾಳೆ, ಮಾತೂ ಆಡ್ತಾಳೆ. ಹಾಡೋಕೆ ಉಸಿರು ಸಾಲ್ತಾ ಇಲ್ಲ. ಚಳಿಗಾಲದ ಬಿಸಿಲಲ್ಲಿ ಅಂಗಳದಲ್ಲಿ ಕೂರಿಸಿ ನಾಲ್ಕು ದಿನ ಪ್ರಯತ್ನಿಸಿದೆ. ಏಳು ಹಾಡು ತುಂಡುತುಂಡಾಗಿ ಸಿಕ್ಕಿತು. ಉಳಿದ ನಾಲ್ಕು ಆ ಸಿಡಿತದ ರೆಕಾರ್ಡಿಂಗಿನಲ್ಲಿ ಮಾತ್ರ ಇವೆ. ಕಂಪ್ಯೂಟರಿನಲ್ಲಿ ಸಿಡಿತ ತೆಗೆಯೋ ಸಾಫ್ಟ್‌ವೇರ್ ಇದೆ, ಸ್ವಲ್ಪ ತೆಗೆದೆ. ಜಾಸ್ತಿ ತೆಗೆದ್ರೆ ಚ, ಟ ಅಕ್ಷರಗಳೂ ಅದರ ಜೊತೆ ಹೋಗ್ತವೆ. ಅರ್ಧಕ್ಕೇ ಬಿಟ್ಟಿದ್ದೇನೆ.

ಆ ನಾಲ್ಕು ದಿನದಲ್ಲಿ ಒಂದು ಉಪಾಯ ಸಿಕ್ತು, ಬರೆದಿಡ್ತೇನೆ. ಕರೆಂಟ್ ಹೋದಾಗ ರೆಕಾರ್ಡ್ ಮಾಡಿ. ಪಂಪ್ ಇಲ್ಲ, ಫ್ರಿಜ್ ಇಲ್ಲ, ಪಕ್ಕದ ಮನೆಯ ಮಿಕ್ಸಿ ಇಲ್ಲ. ಬ್ಯಾಟರಿಯಲ್ಲಿ ನಡೆಯೋ, 48 ವೋಲ್ಟ್ ಕೊಡೋ ಸಣ್ಣ ರೆಕಾರ್ಡರ್‌ಗಳು ಸಿಗ್ತವೆ. ಆ 48 ವೋಲ್ಟು ಬ್ಯಾಟರಿಯನ್ನ ಬೇಗ ತಿನ್ನುತ್ತೆ, ಒಂದು ಜೊತೆ ಹೆಚ್ಚಿಗೆ ಇಟ್ಕೊಳ್ಳಿ. ಮೈಕ್ ಬಾಯಿಂದ ಒಂದು ಗೇಣು, ಗೇಣೂವರೆ ದೂರ, ಸ್ವಲ್ಪ ಓರೆಯಾಗಿ. ನೆಟ್ಟಗೆ ಎದುರಿಗಿಟ್ರೆ ಪ ಅಂದಾಗಲೆಲ್ಲ ಗಾಳಿ ಬಡಿಯುತ್ತೆ. ಮೀಟರಿನಲ್ಲಿ ಜೋರಾದ ದನಿ ಮೈನಸ್ 12ರ ಹತ್ತಿರ ನಿಲ್ಲೋ ಹಾಗೆ ಇಟ್ಟರೆ ಸಾಕು. ಗೋಡೆಗೆ ಒಂದು ಕಂಬಳಿ ತೂಗುಹಾಕಿ. ಅಡಿಕೆ ಚೀಲ ಪೇರಿಸಿದ ಕೋಣೆ ಇದ್ರೆ ಅದಕ್ಕಿಂತ ಒಳ್ಳೆ ಸ್ಟುಡಿಯೋ ಇಲ್ಲ, ಪ್ರತಿಧ್ವನಿಯೇ ಬರಲ್ಲ.

ಇನ್ನು ತಾಳಮದ್ದಳೆಯಲ್ಲಿ ಆಗಿದ್ದು. ಐದು ಜನ ಅರ್ಥಧಾರಿಗಳಿಗೆ ಮಧ್ಯೆ ಒಂದೇ ಮೈಕ್ ಇಟ್ಟರೆ ಅಂದ ಅಂತ ಯಾರೋ ಹೇಳಿದ್ರು, ನಾನೂ ಉತ್ಸಾಹದಲ್ಲಿ ಇಟ್ಟೆ. ಬಾಯಿಂದ ಮೈಕಿಗೆ ನಾಲ್ಕಡಿ. ದೂರ ಎರಡು ಪಟ್ಟಾದ ಹಾಗೆಲ್ಲ ಬಯಲಿನಲ್ಲಿ ಶಬ್ದ 6 ಡೆಸಿಬಲ್ ಇಳಿಯುತ್ತೆ. ಅರ್ಧ ಅಡಿಯಿಂದ ನಾಲ್ಕಡಿ ಅಂದ್ರೆ ಮೂರು ಸಲ ಎರಡು ಪಟ್ಟು, 18 ಡೆಸಿಬಲ್ ಹೋಯ್ತು. ಅಷ್ಟನ್ನ ಮಿಕ್ಸರಿನಲ್ಲಿ ಏರಿಸಿದ್ರೆ ಸ್ಪೀಕರಿನ ಸದ್ದೇ ಮತ್ತೆ ಮೈಕಿಗೆ ಬರುತ್ತೆ, ಸುತ್ತು ಹಾಕಿ ಕೂಗುತ್ತೆ. ಚೆಂಡೆ ಬೇರೆ ಎಲ್ಲಕ್ಕಿಂತ ಮೊದಲು ಓಡಿ ಬರ್ತದೆ. ತಪ್ಪು ಮೈಕಿನದಲ್ಲ, ನನ್ನದು. ಅರ್ಧ ಗಂಟೆ ಆದ ಮೇಲೆ ಬಾಡಿಗೆಯ ಹುಡುಗ ಸುಮ್ಮನೆ ಬಂದು ಅದನ್ನ ತೆಗೆದು ತನ್ನ ಹಳೇ ಡೈನಾಮಿಕ್ ಮೈಕುಗಳನ್ನ ಒಬ್ಬೊಬ್ಬರ ಎದುರಿಗೆ ಇಟ್ಟ. ಬಾಯಿಗೂ ಮೈಕಿಗೂ ಅರ್ಧ ಅಡಿ, ಮೈಕಿಗೂ ಮೈಕಿಗೂ ಅದರ ಮೂರು ಪಟ್ಟು, ಒಂದೂವರೆ ಅಡಿ. ಸ್ಪೀಕರುಗಳನ್ನ ಮೈಕಿಗಿಂತ ಮುಂದಕ್ಕೆ ತಳ್ಳಿದ. ಕೂಗು ನಿಂತು, ಭಾಗವತರ ಮುಖವೂ ಸರಿ ಆಯ್ತು. ಅವನಿಗೆ ಚಾ ಕೊಡಿಸಿ ಇದೆಲ್ಲ ಕೇಳಿ ತಿಳ್ಕೊಂಡಿದ್ದು. ಸಭೆಯಲ್ಲಿ ಕಂಡೆನ್ಸರ್ ಬಳಸಲೇಬಾರದು ಅಂತ ಅಲ್ಲ. ಅಂಗಿಗೆ ಸಿಕ್ಕಿಸೋ ಸಣ್ಣ ಮೈಕುಗಳೂ ಕಂಡೆನ್ಸರೇ, ಬಾಯಿಗೆ ಹತ್ತಿರ ಇರೋದ್ರಿಂದ ನಡೆಯುತ್ತೆ.

ಮೈಕ್ ಈಗ ನಮ್ಮನೇಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿದೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ವರ್ಷದಲ್ಲಿ ಹೆಚ್ಚು ದಿನ ಅದು ಸುಮ್ಮನೆ ಕೂತಿರುತ್ತೆ. ನಿಮ್ಮನೆಯಲ್ಲಿ ಹಾಡು ಬರೋ ಅಜ್ಜಿಯೋ ಅತ್ತೆಯೋ ಇದ್ರೆ ಬಂದು ತಗೊಂಡು ಹೋಗಿ, ಮೇ ತಿಂಗಳ ಒಳಗೆ. ರೆಕಾರ್ಡರ್, ಸ್ಟ್ಯಾಂಡು, ಎರಡು ಕೇಬಲ್ ಕೊಡ್ತೇನೆ, ಬ್ಯಾಟರಿ ನಿಮ್ಮದು. ಹೆಡ್‌ಫೋನ್ ಹಾಕ್ಕೊಂಡೇ ರೆಕಾರ್ಡ್ ಮಾಡಿ. ಮೈಕಿಗೆ ಊದಿ ನೋಡ್ಬೇಡಿ. ವಾಪಸ್ ತರೋವಾಗ ಸಿಲಿಕಾ ಜೆಲ್ ಪೊಟ್ಟಣ ಡಬ್ಬಿಯಲ್ಲೇ ಇರ್ಲಿ, ಹೋದ ಸಲ ತಗೊಂಡು ಹೋದವರು ಅದನ್ನ ಕಸ ಅಂತ ಬಿಸಾಕಿದ್ರು.