ರಿಕವರಿ ಎಷ್ಟು ಬಂತು?

ಸಮೀರವಾಡಿಯಲ್ಲಿ ನಿಂತು "ನನಗೆ ಶುಗರ್ ಐತ್ರಿ" ಅಂದರೆ ಯಾರೂ ಮರುಗುವುದಿಲ್ಲ. ಇಲ್ಲಿ ಇರುವುದೇ ಅದು. ಸೋಮಯ್ಯಾ ಅವರ ಗೋದಾವರಿ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರು. ಹಂಗಾಮು ಶುರುವಾಯಿತೆಂದರೆ ಒಣಗಲು ಹಾಕಿದ ಬಟ್ಟೆಗೂ ಮಳ್ಳಿಯ ವಾಸನೆ ಹತ್ತುತ್ತದೆ. ಪಕ್ಕದ ಮಹಾಲಿಂಗಪುರದ ಪೇಟೆಗೆ ಬೆಲ್ಲದ್ದೇ ಹೆಸರು. ಇಂಥ ಕಡೆ ಹುಟ್ಟಿ, ಮಾಸ್ತರಿಕೆ ಮಾಡಿ, ನಿವೃತ್ತನಾಗಿ, ಈಗ ಸಕ್ಕರೆಯನ್ನು ದೂರದಿಂದಲೇ ಮಾತಾಡಿಸುವವನಾಗಿದ್ದೇನೆ.

ರೈತರು ಕಾರ್ಖಾನೆಯವರಿಗೆ ಕೇಳುವ ಪ್ರಶ್ನೆ ಒಂದೇ: "ರಿಕವರಿ ಎಷ್ಟು ಬಂತ್ರಿ?" ಕಬ್ಬಿನಿಂದ ಇಳಿದ ಸಕ್ಕರೆಯ ಲೆಕ್ಕ ಅದು. 2025-26ರ ಹಂಗಾಮಿಗೆ ಕೇಂದ್ರ ಸರಕಾರ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ ಕಟ್ಟಿತು. ಅದರ ಮೇಲೆ ಒಂದೊಂದು ಪಾಯಿಂಟಿಗೆ, ಅಂದರೆ ಶೇಕಡಾ 0.1ಕ್ಕೆ, 3 ರೂಪಾಯಿ 46 ಪೈಸೆ ಹೆಚ್ಚು. ನನ್ನ ಡಾಕ್ಟರರೂ ಮೂರು ತಿಂಗಳಿಗೊಮ್ಮೆ ನನ್ನ ರಿಕವರಿ, ಅಂದರೆ HbA1c, ತೆಗೆಸುತ್ತಾರೆ. ಅವರಿಗೆ 7ರ ಒಳಗೆ ಬೇಕು. ನನ್ನದು ಕಾರ್ಖಾನೆಯವರು ಮೆಚ್ಚುವ ಮಟ್ಟಕ್ಕೆ ಹೋದ ದಿನ ಅವರು ಕನ್ನಡಕ ತೆಗೆದಿಟ್ಟು, "ಮಾಸ್ತರ್ರ, ನಡೀರಿ" ಅಂದರು. ಎದ್ದು ಹೊರಗೆ ನಡೆಯಿರಿ ಅಂದರೇನೋ ಎಂದು ಎದ್ದೂ ನಿಂತಿದ್ದೆ.

ನಮ್ಮಜ್ಜ ತಾಲೀಮಿಗೆ ಹೋಗುತ್ತಿದ್ದ. ಕೆಮ್ಮಣ್ಣಿನಲ್ಲಿ ಹೊರಳಿ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲೆತ್ತಿ, ಮನೆಗೆ ಬಂದು ಅಂಗೈಯಷ್ಟು ಬೆಲ್ಲ, ಎರಡು ಹಿಡಿ ಶೇಂಗಾ ತಿನ್ನುತ್ತಿದ್ದ. ನಮ್ಮ ಹೊಲದಲ್ಲೇ ಗಾಣ ಹೂಡಿದಾಗ ಕೊಪ್ಪರಿಗೆಯ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿ ನನ್ನ ಕೈಗೆ ಕೊಡುತ್ತಿದ್ದ. ತುಟಿ ಸುಟ್ಟರೂ ಬಿಡುತ್ತಿರಲಿಲ್ಲ. ಅಜ್ಜನ ರಕ್ತವನ್ನು ಯಾರೂ ಪರೀಕ್ಷೆ ಮಾಡಲಿಲ್ಲ, ಅದು ಬೇರೆ ಮಾತು.

ಈಗ ನನ್ನ ತಾಲೀಮು ಎಂದರೆ ನಸುಕಿನ ವಾಕಿಂಗು. ಜೊತೆಗೆ ಪ್ಯಾನ್‌ಮನ್ ಕಾಕಾ. ಕಾರ್ಖಾನೆಯಲ್ಲಿ ಕುದಿಯುವ ಪ್ಯಾನಿನಿಂದ ಒಂದು ಹನಿ ಪಾಕ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬೆಳಕಿಗೆ ಹಿಡಿದು "ಕಾಳು ಕಟ್ಟೈತಿ" ಎಂದು ತೀರ್ಪು ಕೊಡುವುದೇ ಅವರ ಕೆಲಸವಾಗಿತ್ತು. ಈಗ ಬೆರಳು ಚುಚ್ಚಿಕೊಂಡು, ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿ, ಅದೇ ಠೀವಿಯಿಂದ ಮೀಟರನ್ನು ದೀಪಕ್ಕೆ ಹಿಡಿಯುತ್ತಾರೆ. ಮೀಟರಿಗೆ ಅದರದೇ ಬೆಳಕಿದೆ ಎಂದು ಹೇಳಿ ನೋಡಿದ್ದೇನೆ. ಕೇಳುವ ಆಸಾಮಿಯಲ್ಲ.

ಇಬ್ಬರೂ ಇನ್ಸುಲಿನ್‌ನವರು. ಹೊರಡುವ ಮುಂಚೆ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕೆಂದು ಡಾಕ್ಟರ ಕಟ್ಟಪ್ಪಣೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಚುಚ್ಚಿಕೊಂಡ ಇನ್ಸುಲಿನ್ ಬೇರೆ ತನ್ನ ಪಾಲನ್ನು ಎಳೆಯುತ್ತಿರುತ್ತದೆ. ಒಂದು ದಿನ ಕಾಕಾ ಮಾತಿನ ನಡುವೆ ತಟ್ಟನೆ ಸುಮ್ಮನಾದರು. ಮಾಗಿಯ ಚಳಿಯಲ್ಲೂ ಹಣೆಯ ಮೇಲೆ ಬೆವರು, ಬೆರಳು ನಡುಗುತ್ತಿವೆ. ಮೀಟರಿನಲ್ಲಿ 58. 70ಕ್ಕಿಂತ ಇಳಿದರೆ ತಡ ಮಾಡುವಂತಿಲ್ಲ. ಕಿಸೆಯಲ್ಲಿದ್ದ ಪೊಟ್ಟಣ ಬಿಚ್ಚಿ, ಒಂದು ದೊಡ್ಡ ಚಮಚದಷ್ಟು ಸಕ್ಕರೆಯನ್ನು ಬಾಟಲಿ ನೀರಿಗೆ ಕಲಸಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅಷ್ಟು ಹೊತ್ತು ಕಾಲುವೆ ಸೇತುವೆಯ ಮೇಲೆ ಕೂತೆವು. ಎರಡೂ ಕಡೆ ಆಳೆತ್ತರದ ಕಬ್ಬು. "ಸುತ್ತೆಲ್ಲಾ ಕಬ್ಬ ನಿಂತಾವು, ಕಡಿಯಾಕ ಹಲ್ಲ ಇಲ್ಲ ನೋಡ್ರಿ ಮಾಸ್ತರ" ಎಂದರು. ಮಾತು ಮರಳಿತ್ತು. ಮೀಟರೂ 96 ತೋರಿಸಿತು.

ನಡೆದರೆ ಇಳಿಯುತ್ತದೆ ಎಂದು ಲೆಕ್ಕ ಮುಗಿಸುವ ಹಾಗೂ ಇಲ್ಲ. ಮುಧೋಳ ಸೀಮೆಯ ನಾಯಿಗಳು ಓಟಕ್ಕೆ ಲೋಕಪ್ರಸಿದ್ಧ. ಅಂಥದೊಂದು ತೋಟದ ಬೇಲಿ ಹಾರಿ ನನ್ನತ್ತ ಬಂದ ದಿನ ನಾನು ಅಜ್ಜನ ಮೊಮ್ಮಗನೆಂಬುದನ್ನು ಸಾಬೀತು ಮಾಡಿದೆ. ಮನೆಗೆ ಬಂದು ನೋಡಿದರೆ, ಹೊರಡುವಾಗ 140 ಇದ್ದದ್ದು 210! "ಓಡಿದ್ದಕ್ಕ ಬಡ್ಡಿನೂ ಬಂತಾ?" ಅಂದಳು ಮನೆಯವಳು. ಗಾಬರಿಗೆ, ಏದುಸಿರಿನ ಓಟಕ್ಕೆ ಅಡ್ರಿನಾಲಿನ್ ಉಕ್ಕುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಅಂಥ ಹೊತ್ತಿನಲ್ಲಿ ಏರಿತೆಂದು ಹೆದರಿ ಹೆಚ್ಚು ಇನ್ಸುಲಿನ್ ಚುಚ್ಚಿಕೊಳ್ಳಬಾರದು, ತಾನೇ ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿಟ್ಟಿದ್ದರು. ಇಳಿಯಿತು. ನಾಯಿಯ ಶುಗರ್ ಎಷ್ಟಿತ್ತೋ, ಯಾರೂ ನೋಡಲಿಲ್ಲ.

ನಿಜವಾದ ಪರೀಕ್ಷೆ ಯುಗಾದಿಯ ಮುಂದೆ. ನಮ್ಮ ಭಾಗದಿಂದ ಸಾವಿರಾರು ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಸುಡುಬಿಸಿಲು, ದಾರಿಯುದ್ದಕ್ಕೂ ಭಕ್ತರು ಪಾನಕ, ಕಲ್ಲಂಗಡಿ, ಹುಗ್ಗಿ ಹಿಡಿದು ನಿಂತಿರುತ್ತಾರೆ, ಬೇಡ ಅಂದರೆ ಮಲ್ಲಯ್ಯನಿಗೇ ಅಂದಂತೆ. ನನ್ನ ಹೆಂಡತಿಯ ತಮ್ಮ ಶುಗರ್ ಇಟ್ಟುಕೊಂಡೇ ಹೋಗಿ ಬಂದ. ಹಗಲೆಲ್ಲ ಸರಿಯಿತ್ತಂತೆ, ಕೈಕೊಟ್ಟದ್ದು ರಾತ್ರಿ. ದಣಿದ ಸ್ನಾಯುಗಳು ಖಾಲಿಯಾದ ಉಗ್ರಾಣ ತುಂಬಿಕೊಳ್ಳಲು ಮಲಗಿದ ಮೇಲೂ ಸಕ್ಕರೆ ಎಳೆಯುತ್ತಲೇ ಇರುತ್ತವೆ, ಒಮ್ಮೊಮ್ಮೆ ಮರುದಿನದವರೆಗೂ. ಜೊತೆಗೆ, ಜೋಮು ಹಿಡಿದ ಪಾದಕ್ಕೆ ಬೊಬ್ಬೆ ಎದ್ದದ್ದೂ ಗೊತ್ತಾಗದು. ಅದಕ್ಕೇ ಈಗ ಅವನು ಮಲಗುವಾಗ ಇನ್ನೊಮ್ಮೆ ಬೆರಳು ಚುಚ್ಚಿಕೊಳ್ಳುತ್ತಾನೆ, ಪಾದ ತಿರುಗಿಸಿ ನೋಡಿಕೊಳ್ಳುತ್ತಾನೆ. ಕಿಸೆಯ ಪೊಟ್ಟಣ ಮಾತ್ರ ನಮ್ಮ ಕಾರ್ಖಾನೆಯದೇ ಆಗಬೇಕೆಂದು ಅವನ ಹಟ.

ಇನ್ನು ಕಬ್ಬಿನ ಟ್ರ್ಯಾಕ್ಟರಿನ ತಮ್ಮಂದಿರಲ್ಲಿ ಒಂದು ಅರಿಕೆ. ನಸುಕಿನ ಮಬ್ಬಿನಲ್ಲಿ ನೀವು ಎರಡೆರಡು ಡಬ್ಬಿ ಎಳೆದುಕೊಂಡು ಹೊರಡುವ ಹೊತ್ತೂ, ನಾವು ಶುಗರಿನವರು ರಸ್ತೆಗಿಳಿಯುವ ಹೊತ್ತೂ ಒಂದೇ. ಹಾಡು ಎಷ್ಟು ಜೋರಾಗಿಯಾದರೂ ಹಚ್ಚಿಕೊಳ್ಳಿ, ತಕರಾರಿಲ್ಲ. ಹಿಂದಿನ ಡಬ್ಬಿಗೆ ಒಂದು ಕೆಂಪು ರಿಫ್ಲೆಕ್ಟರ್ ಮಾತ್ರ ತಪ್ಪದೆ ಅಂಟಿಸಿ.