ಜೋಲಿಗೊಂದು ಸೂರು



ಮಳೆಗಾಲ ಬಂತೆಂದರೆ ನಿಮ್ಮಲ್ಲಿ ಹಲವರ ಮನಸ್ಸು ಕಾಡಿನ ಕಡೆ ಓಡುತ್ತದೆ. ಅಹಮದಾಬಾದಿನವರಿಗೆ ವಿಜಯನಗರದ ಪೊಲೊ ಕಾಡು, ವಡೋದರಾದವರಿಗೆ ಪಾವಾಗಢ ಮತ್ತು ಜಂಬುಘೋಡಾ, ಸೂರತ್‌ನವರಿಗಂತೂ ಡಾಂಗ್ ಇದ್ದೇ ಇದೆ. ಮೊದಲೆಲ್ಲ ಬಸ್ಸಿನಲ್ಲಿ ಹೋಗಿ ಜಲಪಾತ ನೋಡಿ, ಮೆಕ್ಕೆಜೋಳ ತಿಂದು, ಸಂಜೆಗೆ ಮರಳುತ್ತಿದ್ದಿರಿ. ಈಗ ಎರಡು ಮರದ ನಡುವೆ ಹ್ಯಾಮಾಕ್ ಕಟ್ಟಿ ರಾತ್ರಿ ಕಳೆಯಬೇಕೆಂಬ ಹುಮ್ಮಸ್ಸು. ಹ್ಯಾಮಾಕ್ ಎಂದರೆ ಮತ್ತೇನಲ್ಲ, ಅಮ್ಮನ ಸೀರೆಯಲ್ಲಿ ನಿಮ್ಮನ್ನು ತೂಗುತ್ತಿದ್ದರಲ್ಲ, ಆ ಜೋಲಿಯೇ. ದೊಡ್ಡವರ ಜೋಲಿ ಎನ್ನಿ. ಅದರಲ್ಲಿ ಮಲಗುವುದು ಕಷ್ಟವಲ್ಲ. ಗಾಳಿಮಳೆಯಲ್ಲಿ ಅದರ ಮೇಲೆ ಯಾವ ಹೊದಿಕೆ ಕಟ್ಟಬೇಕು ಎಂಬುದೇ ಪ್ರಶ್ನೆ.

ಆ ಹೊದಿಕೆಗೆ ಇಲ್ಲಿ ತಾಡಪತ್ರಿ ಎನ್ನುತ್ತಾರೆ. ಧಾರವಾಡ, ಬಿಜಾಪುರದ ಕಡೆಯವರೂ ರಾಶಿ ಮುಚ್ಚುವ ಹಾಳೆಗೆ ತಾಡಪತ್ರಿ ಎಂದೇ ಹೇಳುತ್ತಾರೆ. ಆದ್ದರಿಂದ ಅಂಗಡಿಯಲ್ಲಿ ಭಾಷೆಯ ತೊಂದರೆಯಿಲ್ಲ. ತೊಂದರೆ ಇರುವುದು ಇನ್ನೊಂದು ಶಬ್ದದಲ್ಲಿ, ಎರಚಲು. ನಿಮ್ಮಲ್ಲಿ ಎಷ್ಟು ಜನರಿಗೆ ಈ ಶಬ್ದ ಗೊತ್ತು?

ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ನೀವು ಊರಿಗೆ ಹೋಗುವುದು ಮೇ ತಿಂಗಳಲ್ಲಿ. ಜೂನ್ ಮೊದಲರ್ಧದಲ್ಲಿ ಗುಜರಾತಿನ ಶಾಲೆಗಳು ತೆರೆಯುತ್ತವೆ, ಮಳೆ ಕರಾವಳಿಯನ್ನು ಮುಟ್ಟುವ ಹೊತ್ತಿಗೆ ನೀವು ರೈಲು ಹತ್ತಿರುತ್ತೀರಿ. ಅಜ್ಜನ ಮನೆಯ ಮಾವಿನಹಣ್ಣು ನಿಮಗೆ ಗೊತ್ತು, ಅಲ್ಲಿಯ ಆಷಾಢ ಗೊತ್ತಿಲ್ಲ. ಗಾಳಿಗೆ ಸಿಕ್ಕ ಮಳೆ ನೆಟ್ಟಗೆ ಬೀಳದೆ ಓರೆಯಾಗಿ ಜಗಲಿಯೊಳಗೆ ನುಗ್ಗುತ್ತದೆ. ಅದೇ ಎರಚಲು. ಮಲೆನಾಡಿನ ಹಳೆಯ ಮನೆಗಳ ಮಾಡು ಗೋಡೆಯಿಂದ ಅಷ್ಟು ಹೊರಗೆ ಚಾಚಿ, ಸೂರು ಅಷ್ಟು ತಗ್ಗಿಗೆ ಇಳಿದಿರುವುದು ಅದಕ್ಕಾಗಿ. ಅಷ್ಟೂ ಸಾಲದೆಂದು ಮಳೆಗಾಲಕ್ಕೆ ಮೊದಲೇ ಗಾಳಿ ಬರುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ತಲೆಯ ಮೇಲಿನ ಮಳೆಯನ್ನು ಯಾವ ಹಾಳೆಯೂ ತಡೆಯುತ್ತದೆ, ಪಕ್ಕದಿಂದ ಬರುವ ಮಳೆಯನ್ನು ತಡೆಯುವುದೇ ಜಾಣತನ. ತಾಡಪತ್ರಿ ಆರಿಸುವಾಗ ನೀವು ಮೊದಲು ಕೇಳಬೇಕಾದದ್ದು ಬಟ್ಟೆ ಎಷ್ಟು ದಪ್ಪ ಎಂದಲ್ಲ, ಅಂಚು ಎಷ್ಟು ಕೆಳಗೆ ಬರುತ್ತದೆ, ತುದಿಗಳು ಮುಚ್ಚುತ್ತವೆಯೇ ಎಂದು.

ಸೂರತ್‌ನಿಂದ ಹೊರಟವರಿಗೆ ಇದು ಬೇಗ ಅರ್ಥವಾಗುತ್ತದೆ. ಅಹಮದಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಡಾಂಗ್‌ನಲ್ಲಿ ಅದರ ಎರಡು ಪಟ್ಟಿಗೂ ಮೀರಿ. ಬಿಲಿಮೋರಾ ದಾಟಿ ವಘಈ ಕಡೆ ತಿರುಗಿದರೆ (ಈ ದಾರಿಯ ಚಿಕ್ಕ ರೈಲಿನ ಹಳಿ ಗಾಯಕವಾಡರ ಕಾಲದ್ದು, 1913ರದು) ತೇಗದ ಕಾಡು ಶುರುವಾಗುತ್ತದೆ. ಸಾಪುತಾರಾದ ಘಟ್ಟ ಏರುವಾಗ ಮೋಡ ರಸ್ತೆಗೇ ಇಳಿದಿರುತ್ತದೆ. ಸಹ್ಯಾದ್ರಿಯ ಉತ್ತರದ ಕೊನೆ ಇದು. ನಿಮ್ಮ ಅಜ್ಜಿಯ ಮನೆಯ ಹಿಂದಿನ ಗುಡ್ಡವೂ ಇದೇ ಸಾಲಿನದು ಎಂಬುದನ್ನು ಹೋದಾಗ ನೆನೆಸಿಕೊಳ್ಳಿ.

ಈಗ ಅಳತೆಗೆ ಬರೋಣ. ಸಾಮಾನ್ಯ ಜೋಲಿ 10–11 ಅಡಿ ಉದ್ದ. ಸರಿಯಾಗಿ ಬಾಗುವಂತೆ ಕಟ್ಟಿದಾಗ ತುದಿಯಿಂದ ತುದಿಗೆ 9 ಅಡಿ ಆಸುಪಾಸು ಉಳಿಯುತ್ತದೆ. ಎರಡೂ ಕಡೆ ಕನಿಷ್ಠ ಒಂದೊಂದು ಅಡಿ ಸೂರು ಚಾಚಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ, ಹಾಸಿಗೆಗಿಂತ ಸೂರು ದೊಡ್ಡದಿರಲೇಬೇಕು. 12 ಅಡಿ ಉದ್ದ, 10 ಅಡಿ ಅಗಲದ ಆಯತಾಕಾರ ನನ್ನ ಮಟ್ಟಿಗೆ ಸರಿಯಾದ ಅಳತೆ. ಚೌಕದ ಹಾಳೆಯನ್ನು ಮೂಲೆಯಿಂದ ಮೂಲೆಗೆ ಕಟ್ಟಿದರೆ ನೋಡಲು ಗಾಳಿಪಟದಂತೆ ಚೆನ್ನ, ಉತ್ತರಾಯಣದ ಊರಿನವರಾದ ನಿಮಗೆ ಆಸೆಯೂ ಆದೀತು. ಆದರೆ ತಲೆ ಮತ್ತು ಕಾಲಿನ ಕಡೆ ಅದು ಚೂಪಾಗಿ ಕಿರಿದಾಗುತ್ತದೆ, ಎರಚಲಿಗೆ ಬಾಗಿಲು ತೆರೆದಿಟ್ಟಂತೆ. ಷಟ್ಕೋನದ್ದು ಹಗುರ, ಅದರದೂ ತುದಿ ತೆರೆದದ್ದೇ. ಬಿರುಗಾಳಿಗೆ ಬೇಕಾದದ್ದು ಎರಡೂ ತುದಿಯಲ್ಲಿ ಒಳಕ್ಕೆ ಮಡಚಿ ಕಟ್ಟಬಹುದಾದ ಬಾಗಿಲುಗಳಿರುವ ತಾಡಪತ್ರಿ. ಈ ಬಾಗಿಲೇ ಸೋಗೆ ತಟ್ಟಿ.

ಬಟ್ಟೆಯ ವಿಷಯ ನಿಮಗೆ ಹೇಳುವುದೆಂದರೆ ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತೆ. ಸೂರತ್‌ನ ರಿಂಗ್ ರೋಡಿನ ಮಾರುಕಟ್ಟೆಗಳ ಸುತ್ತ ಬೆಳೆದವರು ಡೀನಿಯರ್ ಎಂಬ ಮಾತನ್ನು ಕೇಳಿಯೇ ಇರುತ್ತಾರೆ: 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೀನಿಯರ್. ಬೆನ್ನ ಮೇಲೆ ಹೊರುವ ತಾಡಪತ್ರಿಗೆ 20ರಿಂದ 40 ಡೀನಿಯರ್ ಬಟ್ಟೆ, ಅದಕ್ಕೆ ಸಿಲಿಕೋನ್ ಲೇಪ. ನೈಲಾನ್ ಗಟ್ಟಿ, ಆದರೆ ನೀರು ಕುಡಿದು ಜೋಲುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಇಡೀ ರಾತ್ರಿ ಸುರಿಯುವ ಡಾಂಗ್ ಮಳೆಗೆ ನನ್ನ ಮತ ಪಾಲಿಯೆಸ್ಟರಿಗೆ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಎಷ್ಟು ಎತ್ತರದ ನೀರಿನ ಕಂಬವನ್ನು ಬಟ್ಟೆ ತಡೆದೀತು ಎಂದು. 2000ದಿಂದ 3000 ಇದ್ದರೆ ಸಾಕು. 5000, 10000 ಎಂದು ಅಂಗಡಿಯವ ಹೇಳಿದರೆ ಆ ಹಣವನ್ನು ಅಗಲಕ್ಕೆ ಖರ್ಚು ಮಾಡಿ.

ಇನ್ನು ಬಜಾರಿನ ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಅಹಮದಾಬಾದಿನಲ್ಲಿ ಭಾನುವಾರದ ಗುಜರಿ ಬಜಾರಿಗೆ ಹೋಗಿ ಅಗ್ಗಕ್ಕೆ ತರೋಣ ಎನ್ನುವವರೂ ಇದ್ದಾರೆ. (ಗುಜರಿ ಎಂದರೆ ಕನ್ನಡದಲ್ಲಿ ಹಳೇ ಸಾಮಾನು ಎಂದು ಬೇರೆ ಹೇಳಬೇಕೇ!) ಅದನ್ನು ನಾನು ಹೀಗಳೆಯುವುದಿಲ್ಲ. ಕಾರಿನಲ್ಲಿ ಹೋಗಿ ಪಕ್ಕದಲ್ಲೇ ಕಟ್ಟುವುದಾದರೆ ಅದು ಸಾಕು. ಆದರೆ ತೂಕ ನೋಡಿ: ಚದರ ಮೀಟರಿಗೆ 200 ಗ್ರಾಮಿನದಾದರೆ 12×10 ಅಡಿಯ ಹಾಳೆ ಎರಡು ಕಿಲೋ ಮೀರುತ್ತದೆ, ಲೇಪದ ಪಾಲಿಯೆಸ್ಟರ್ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಇನ್ನೊಂದು ದೋಷ ಅದರ ಲೋಹದ ಕಣ್ಣುಗಳು, ಗಾಳಿ ಜಗ್ಗಿದರೆ ಅವು ಕಿತ್ತುಬರುತ್ತವೆ. ಉಪಾಯವಿದೆ. ಅಂಚಿನಿಂದ ಒಂದು ಗೇಣು ಒಳಗೆ ನುಣುಪಾದ ಬೆಣಚುಕಲ್ಲನ್ನಿಟ್ಟು ಹಾಳೆಯನ್ನು ಅದರ ಸುತ್ತ ಸುತ್ತಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಒಳ್ಳೆಯ ತಾಡಪತ್ರಿ ಕೊಳ್ಳುವಾಗಲೂ ಹಗ್ಗ ಕಟ್ಟುವ ಕುಣಿಕೆಗಳ ಹೊಲಿಗೆಯನ್ನು ಅಂಗಡಿಯಲ್ಲೇ ಜಗ್ಗಿ ನೋಡಿ, ಸಂಕೋಚ ಬೇಡ.

ಕಟ್ಟುವಾಗ ನೈರುತ್ಯದ ಗಾಳಿಗೆ ಅಡ್ಡವಾಗಿ, ಅಗಲದ ಬದಿಯನ್ನು ಆ ಕಡೆಗೆ ತಿರುಗಿಸಿ, ಅಂಚು ಬಹುತೇಕ ನೆಲ ಮುಟ್ಟುವಂತೆ ತಗ್ಗಿಸಿ. ಗುಡುಗು ಮಳೆಯ ಗಾಳಿ ಮಾತ್ರ ಯಾವ ದಿಕ್ಕಿನಿಂದಲೂ ಬಂದೀತು, ಹಾಗಾಗಿ ಇನ್ನೊಂದು ಬದಿಯನ್ನೂ ಎತ್ತರದಲ್ಲಿ ಬಿಡಬೇಡಿ. ಜೋಲಿಯ ಹಗ್ಗದ ಗುಂಟ ನೀರು ಹರಿದು ಹಾಸಿಗೆಗೆ ಬರುತ್ತದೆ. ಸೂರಿನ ಒಳಗೆ, ಜೋಲಿ ಶುರುವಾಗುವ ಮೊದಲು, ಹಗ್ಗಕ್ಕೊಂದು ಹತ್ತಿಯ ದಾರ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ವಡೋದರಾ, ಭರೂಚ್ ಸುತ್ತಲಿನ ಕಪ್ಪು ಮಣ್ಣು ನಮ್ಮ ಗದಗ, ನವಲಗುಂದದ ಎರೆಮಣ್ಣಿನ ಜಾತಿಯದು: ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಗೇಣುದ್ದದ ಗೂಟಕ್ಕಿಂತ ಚಿಕ್ಕದು ಅದರಲ್ಲಿ ನಿಲ್ಲುವುದಿಲ್ಲ, ಮೇಲೊಂದು ಕಲ್ಲು ಹೇರಿ.

ಇಷ್ಟೆಲ್ಲ ಹೇಳಿದ ಮೇಲೆ, ಯಾವ ತಾಡಪತ್ರಿಯೂ ತಡೆಯಲಾರದ್ದು ಮೂರಿವೆ. ಒಂದು, ಮೇಲಿನ ಒಣಕೊಂಬೆ. ಜೋಲಿ ಕಟ್ಟುವ ಮೊದಲು ತಲೆಯೆತ್ತಿ ನೋಡಿ. ಎರಡನೆಯದು ಹೊಳೆ. ವಡೋದರಾದ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ವಿಶ್ವಾಮಿತ್ರಿ ಹುಟ್ಟುವುದು ಪಾವಾಗಢದ ಬೆಟ್ಟದಲ್ಲಿ, ಅಲ್ಲಿ ಸುರಿದದ್ದು ನಿಮ್ಮ ಊರಿಗೇ ಬರುತ್ತದೆ. 2019ರ ಜುಲೈ 31ರಂದು ವಡೋದರಾದಲ್ಲಿ ಒಂದೇ ದಿನ ಸುಮಾರು 500 ಮಿಲಿಮೀಟರ್ ಸುರಿಯಿತು, 2024ರ ಆಗಸ್ಟ್ ಪ್ರವಾಹದಲ್ಲಿ ಮೊಸಳೆಗಳು ಬಡಾವಣೆಗಳಿಗೇ ಬಂದವು. ಮಹಲ್‌ನ ಪೂರ್ಣಾ ನದಿಯಾಗಲಿ, ಕಿಲಾಡ್ ಬಳಿಯ ಅಂಬಿಕಾ ಆಗಲಿ, ನಿಮ್ಮ ತಲೆಯ ಮೇಲೆ ಚುಕ್ಕಿ ಹೊಳೆಯುತ್ತಿರುವಾಗಲೇ ಮೇಲ್ಗಡೆಯ ಮಳೆಗೆ ಏರಬಹುದು. ದಂಡೆಯ ಮರ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಬೇಡ.

ಮೂರನೆಯದು ಸಿಡಿಲು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಜೋಲಿಯಿಂದ ಇಳಿದು ಪಕ್ಕಾ ಕಟ್ಟಡಕ್ಕೋ ಕಾರಿನೊಳಕ್ಕೋ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಬೇಕು. ಆದ್ದರಿಂದಲೇ ಅರಣ್ಯ ಇಲಾಖೆಯ ಶಿಬಿರತಾಣಗಳಾದ ಮಹಲ್, ಕಿಲಾಡ್, ಚಾಂಪಾನೇರ್ ಬಳಿಯ ಧನ್ಪರಿಯಂಥ ಕಡೆಗೇ ಹೋಗಿ ಎನ್ನುವುದು. ಕೂಗಳತೆಯಲ್ಲಿ ಒಂದು ಗಟ್ಟಿ ಸೂರು ಇರುತ್ತದೆ. ಜೋಲಿ ಕಟ್ಟಲು ಒಪ್ಪಿಗೆ ಉಂಟೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಜೋರು ಮಳೆಯಲ್ಲಿ ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದೂ ಉಂಟು. ಒಪ್ಪಿಗೆ ಸಿಕ್ಕಿದರೆ ಮರಕ್ಕೆ ನೇರ ಹಗ್ಗ ಬಿಗಿಯದೆ ಅಗಲ ಪಟ್ಟಿ ಸುತ್ತಿ, ತೊಗಟೆ ಉಳಿಯುತ್ತದೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಶಿಬಿರದ ಹೆಸರು ಬರೆದುಕೊಟ್ಟು ಹೊರಡಿ, ಕಾಡಿನೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಮೊದಲ ಸಲ ಕಟ್ಟುವುದು ಕಾಡಿನಲ್ಲಿ ಬೇಡ. ನಿಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ, ಗುಡುಗಿಲ್ಲದ ಮಳೆ ಬರುವಾಗ, ಎರಡು ಬೇವಿನ ಮರ ಸಿಕ್ಕರೆ ಅಲ್ಲೇ ಕಟ್ಟಿ ನೋಡಿ. ವಾಚ್‌ಮನ್ ಏನೆಂದು ಕೇಳಿಯಾನು. ಚಿಂತೆಯಿಲ್ಲ, ಹತ್ತು ನಿಮಿಷ ಒಳಗೆ ಕೂತು ಯಾವ ಕಡೆಯಿಂದ ಹನಿ ಮುಖಕ್ಕೆ ಬಡಿಯುತ್ತದೆಂದು ಗುರುತಿಸಿ, ಆ ಅಂಚನ್ನು ಇಳಿಸಿ. ಬಳಸಿದ ಮೇಲೆ ಒದ್ದೆಯಾಗಿಯೇ ಮಡಚಿ ಚೀಲಕ್ಕೆ ತುರುಕಬೇಡಿ. ಬೂಷ್ಟು ಹಿಡಿಯುತ್ತದೆ, ಪಾಲಿಯುರೆಥೇನ್ ಲೇಪದ್ದಾದರೆ ವರ್ಷಗಳಲ್ಲಿ ಅಂಟಂಟಾಗಿ ಸುಲಿಯುತ್ತದೆ. ಬಾಲ್ಕನಿಯಲ್ಲಿ ನೆರಳಿಗೆ ಹರವಿ, ಪೂರ್ತಿ ಒಣಗಿದ ಮೇಲೆ ಎತ್ತಿಡಿ.