ಗುಟ್ಟಿಲ್ಲದ ಅಪರಾಧಗಳು

ಪತ್ತೇದಾರಿ ಕಾದಂಬರಿಗೆ ಒಂದು ಹೆಣ ಬೇಕು, ಒಂದು ಗುಟ್ಟು ಬೇಕು. ಕೊಂದವರು ಯಾರೆಂಬುದು ಕೊನೆಯ ಪುಟದವರೆಗೆ ತಿಳಿಯಬಾರದು. ಹುಕ್ಕೇರಿಯಲ್ಲಿ ಓದುತ್ತಿದ್ದಾಗ ನಾನೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿದವನೇ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಆ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದು ಕೂಲಿಕಾರರ ಮಕ್ಕಳ ಕೈಗೆ ಪುಸ್ತಕ ಕೊಟ್ಟರು. ಪಂಡಿತರು ಮೂಗು ಮುರಿದರೆ ಮುರಿಯಲಿ, ಆ ಋಣ ನನ್ನ ಮೇಲಿದೆ.

ಈಗ ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಕಾಲೇಜು ಹುಡುಗರ ಕೈಯಲ್ಲಿ ಪುಸ್ತಕವಿಲ್ಲ, ಕಿವಿಯಲ್ಲಿ ವಾಯರಿದೆ. ಏನು ಕೇಳಾಕತ್ತೀಯೋ ತಮ್ಮಾ ಅಂದರೆ, ‘ಪಾಡ್‌ಕಾಸ್ಟ್ ರೀ ಸರ, ಖರೇನ ಆದ ಖೂನಿ ಕತಿ’ ಅನ್ನುತ್ತಾರೆ. ಅಮೆರಿಕದಲ್ಲಿ 2014ರಲ್ಲಿ ‘ಸೀರಿಯಲ್’ ಎಂಬ ಕಾರ್ಯಕ್ರಮ 1999ರ ಒಂದು ಕೊಲೆ ಕೇಸನ್ನು ಕಂತು ಕಂತಾಗಿ ಬಿಚ್ಚಿತು. ಅಲ್ಲಿಂದ ಈ ಗೀಳು ಎಲ್ಲೆಡೆ ಹಬ್ಬಿತು. ಅದನ್ನೇ ಕತೆ ಮಾಡಿದ ಕಾದಂಬರಿಗಳೂ ಬಂದವು.

ಅಂಥದ್ದರಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು: ಕರ್ಟ್ನಿ ಸಮ್ಮರ್ಸ್ 2018ರಲ್ಲಿ ಪ್ರಕಟಿಸಿದ ‘ಸೇಡಿ’. ಸೇಡಿ ಬಡವರ ಹುಡುಗಿ, ಮಾತಾಡುವಾಗ ತೊದಲುತ್ತಾಳೆ. ತಂಗಿಯ ಕೊಲೆಯಾಗಿದೆ. ಪೋಲೀಸರಿಗೆ ಕೊಂದವನು ಸಿಕ್ಕಿಲ್ಲ. ಅವಳಿಗೆ ಗೊತ್ತು. ತಾನೇ ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ರೇಡಿಯೋದವನು ಮೈಕು ಹಿಡಿದು ಬರುವುದು ಅವಳು ಕಾಣೆಯಾದ ಮೇಲೆ! ಇದು ನಮ್ಮ ಕೇರಿಗಳ ಕತೆಯೇ ಅಲ್ಲವೆ?

ನಮ್ಮಲ್ಲಿ ಗುಟ್ಟು ಎಲ್ಲಿದೆ ಹೇಳಿ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಕಾಗದದ ಮೇಲೆ ಸತ್ತವರಿದ್ದಾರೆ, ಕೊಂದವರಿಲ್ಲ. ಬೆಂಕಿ ತಾನಾಗಿ ನಡೆದು ಬಂತೆ?

ದೂರದ ಮಾತು ಯಾಕೆ, ನಮ್ಮ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ 2023ರ ಡಿಸೆಂಬರಿನಲ್ಲಿ ಏನಾಯಿತು? ಮಗ ತಾನು ಮೆಚ್ಚಿದ ಹುಡುಗಿಯ ಜೋಡಿ ಊರು ಬಿಟ್ಟ ಸಿಟ್ಟಿಗೆ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ನೋಡಿದವರು ಹಲವರು. ಬಿಡಿಸಲು ಹೋದ ಒಬ್ಬನಿಗೂ ಹೊಡೆತ ಬಿತ್ತು. ನೋಡುತ್ತ ನಿಂತವರ ಮೌನವನ್ನು ಹೈಕೋರ್ಟೇ ಪ್ರಶ್ನಿಸಬೇಕಾಯಿತು.

ಕಂಡವರು ಬಾಯಿ ಬಿಡುವುದಿಲ್ಲ ಯಾಕೆ? ಸಾಕ್ಷಿ ಹೇಳಿದವನು ಮರಳಿ ಬರುವುದು ಅದೇ ಊರಿಗೆ. ಕೂಲಿ ಅವರ ಹೊಲದಲ್ಲಿ, ಉದ್ರಿ ಅವರ ಅಂಗಡಿಯಲ್ಲಿ. ನಮ್ಮ ಕೇರಿಯ ಹಿರಿಯನೊಬ್ಬ ಅಂದಿದ್ದ: ‘ಸಾಹೇಬ್ರ ಮುಂದ ಒಂದಿನ ಮಾತಾಡೂದು, ಗೌಡ್ರ ಮುಂದ ಸಾಯೂತನಕಾ ಬಾಳೇ ಮಾಡೂದೈತಿ.’ ಯಾವ ಪುರುಷೋತ್ತಮನೂ ಬಿಡಿಸದ ಗಂಟು ಇದು.

1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು ಸಾಕ್ಷಿಗಳ ಹಕ್ಕನ್ನು ಬರೆದಿದ್ದಾರೆ. ಅವರ ರಕ್ಷಣೆ, ವಿಚಾರಣೆಗೆ ಹೋಗಿಬರುವ ಖರ್ಚು, ಅಗತ್ಯ ಬಿದ್ದರೆ ಬೇರೆ ಕಡೆ ನೆಲೆ, ಇದೆಲ್ಲ ಸರ್ಕಾರದ ಹೊಣೆ. ಎಷ್ಟು ಕೇರಿಗಳಿಗೆ ಈ ಮಾತು ಮುಟ್ಟಿದೆ?

ಮಾಸ್ತರ ಗೆಳೆಯರೇ, ಇದನ್ನು ಮೊದಲು ಕೇರಿಗೆ ಮುಟ್ಟಿಸೋಣ. ಹುಡುಗರೇ, ಖೂನಿ ಕತೆ ಕೇಳಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಮೈಕು ಈಗ ನಿಮ್ಮ ಕಿಸೆಯಲ್ಲೂ ಇದೆ. ಬದುಕಿ ಉಳಿದವರು ಒಪ್ಪಿದರೆ ಅದನ್ನು ಅವರ ಮುಂದೆ ಹಿಡಿಯಿರಿ, ಅವರ ಹೆಸರು ಮಾತ್ರ ಬಯಲು ಮಾಡಬೇಡಿ. ಯಾರು ಮಾಡಿದರು ಎಂದಷ್ಟೇ ಅಲ್ಲ, ಹೇಳಿದ ಮೇಲೆ ನಿಮಗೇನಾಯಿತು ಎಂದೂ ಕೇಳಿ. ತಾರೀಖಿನ ದಿನ ಕೋರ್ಟಿನ ಕಟ್ಟೆಯ ಮೇಲೆ ಸಾಕ್ಷಿಯ ಮಗ್ಗುಲಿಗೆ ಕೂಡ್ರಿ. ಒಬ್ಬಂಟಿಯಲ್ಲ ಎಂದು ಗೊತ್ತಾದರೆ ತೊದಲುವ ನಾಲಿಗೆಯೂ ಮಾತಾಡುತ್ತದೆ.